ಅಂಕಿಯ ಹಿಂದಿನ ಆಯ್ಕೆ: ಎಂಜಿನಿಯರಿಂಗ್ ತರಗತಿಯಲ್ಲಿ ಮೌಲ್ಯಗಳ ಪಾಠ



ಸೇತುವೆ, ನಾಲೆ, ಯಂತ್ರ, ಕಟ್ಟಡ ಯಾವುದೇ ಇರಲಿ, ಅದನ್ನು ಕಟ್ಟುವ ಮೊದಲು ಅದರ ಅಳತೆ, ಬಲ, ಬಾಳಿಕೆ ಮತ್ತು ವೆಚ್ಚಗಳನ್ನು ಲೆಕ್ಕ ಹಾಕಿ ನಿರ್ಧರಿಸುವ ಕೆಲಸಕ್ಕೆ ವಿನ್ಯಾಸ ಎಂದು ಹೆಸರು. ಯಾವುದು ಮುಖ್ಯ, ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾವ ನಷ್ಟವನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು ಎಂಬ ತೀರ್ಮಾನಗಳಿಗೆ ಆಧಾರವಾಗುವ ನಿಲುವುಗಳಿಗೆ ಮೌಲ್ಯ ಎಂದು ಹೆಸರು. ವಿನ್ಯಾಸ ಗಣಿತಕ್ಕೆ ಸೇರಿದ್ದು, ಮೌಲ್ಯ ನೀತಿಬೋಧೆಗೆ ಸೇರಿದ್ದು, ಎರಡಕ್ಕೂ ಸಂಬಂಧವಿಲ್ಲ ಎಂಬ ಭಾವನೆ ತಾಂತ್ರಿಕ ಕಾಲೇಜುಗಳಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭಾವನೆ ಸರಿಯಲ್ಲ. ವಿನ್ಯಾಸದ ಲೆಕ್ಕದಲ್ಲಿ ಬರುವ ಮುಖ್ಯ ಅಂಕಿಗಳಲ್ಲಿಯೇ ಮೌಲ್ಯಗಳು ಕುಳಿತಿರುತ್ತವೆ. ಆದ್ದರಿಂದ ಮೌಲ್ಯದ ಪಾಠ ನಡೆಯಬೇಕಾದದ್ದು ಲೆಕ್ಕ ಕಲಿಸುವ ತರಗತಿಯಲ್ಲಿಯೇ ಎಂಬುದು ಈ ಭಾಷಣದ ಒಟ್ಟು ಮಾತು.

ಇದಕ್ಕೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ದಾವಣಗೆರೆಯಿಂದ ಹಳೆಯ ಪಿ.ಬಿ. ರಸ್ತೆ ಹಿಡಿದು ಬಾತಿಯನ್ನು ದಾಟಿ ಹರಿಹರದ ತುಂಗಭದ್ರಾ ದಂಡೆ ಮುಟ್ಟುವ ಸುಮಾರು 14 ಕಿಲೋಮೀಟರ್ ಹಾದಿಯಲ್ಲಿಯೇ ಒಂದು ಇಡೀ ಸೆಮಿಸ್ಟರಿಗೆ ಸಾಲುವಷ್ಟು ಪಾಠವಿದೆ.

ದಾವಣಗೆರೆಗೆ ಎಂಜಿನಿಯರಿಂಗ್ ಶಿಕ್ಷಣ ಹೊಸದಲ್ಲ. ಇಂದು ಯು.ಬಿ.ಡಿ.ಟಿ. ಎಂದು ಕರೆಯುವ ಕಾಲೇಜು ಆರಂಭವಾದದ್ದು 1951ರಲ್ಲಿ. ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ. ಈಗ ಈ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಸದಸ್ಯ ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಗಳ ಮಟ್ಟವನ್ನು ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತವು 2014ರಲ್ಲಿ ಪೂರ್ಣ ಸದಸ್ಯವಾಯಿತು. ಪದವೀಧರನು ಗಣಿತ, ವಿಜ್ಞಾನಗಳ ಜೊತೆಗೆ ಸಮಾಜ, ಪರಿಸರ ಮತ್ತು ವೃತ್ತಿನೀತಿಗಳನ್ನೂ ಅರಿತಿರಬೇಕೆಂದು ಆ ಒಪ್ಪಂದದ ಚೌಕಟ್ಟು ಕೇಳುತ್ತದೆ. ಅದಕ್ಕೆ ತಕ್ಕಂತೆ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಸಾರ್ವತ್ರಿಕ ಮಾನವ ಮೌಲ್ಯಗಳು, ಭಾರತದ ಸಂವಿಧಾನ ಮುಂತಾದ ವಿಷಯಗಳು ಸೇರಿವೆ. ಇದು ಸ್ವಾಗತಾರ್ಹ. ಆದರೆ ಅವು ಕಡಿಮೆ ಕ್ರೆಡಿಟ್ಟಿನ ಪ್ರತ್ಯೇಕ ಪತ್ರಿಕೆಗಳಾಗಿಯೇ ಉಳಿದಿವೆ. ಬೆಳಿಗ್ಗೆ ಮೌಲ್ಯದ ತರಗತಿಯಲ್ಲಿ ಸಮಾನತೆಯ ಬಗ್ಗೆ ಟಿಪ್ಪಣಿ ಬರೆದುಕೊಂಡ ವಿದ್ಯಾರ್ಥಿ, ಮಧ್ಯಾಹ್ನ ನೀರು ಸರಬರಾಜಿನ ಲೆಕ್ಕ ಮಾಡುವಾಗ ಆ ಮಾತು ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆಂದು ಕೇಳುವುದಿಲ್ಲ. ಕೇಳಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇಷ್ಟು ಪೀಠಿಕೆ. ಮೌಲ್ಯವು ಲೆಕ್ಕದ ಒಳಗೇ ಇದೆ ಎಂಬ ಮಾತನ್ನು ಈಗ ಒಂದು ಸಣ್ಣ ವಸ್ತುವಿನಿಂದ ಪರಿಶೀಲಿಸಬಹುದು.

ಲೇತ್ ಯಂತ್ರವನ್ನು ಎಲ್ಲ ಮೆಕ್ಯಾನಿಕಲ್ ವಿದ್ಯಾರ್ಥಿಗಳೂ ಬಲ್ಲರು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳಿಗೇ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕಗಳು ಕಳೆದಿದ್ದರೂ ಅದರ ಯಂತ್ರಗಳು ಅನೇಕ ವರ್ಕ್‌ಶಾಪ್‌ಗಳಲ್ಲಿ ಇನ್ನೂ ದುಡಿಯುತ್ತಿವೆ. ಲೇತ್‌ನಲ್ಲಿ ಕೆಲಸದ ತುಂಡನ್ನು ಬಿಗಿಯಾಗಿ ಹಿಡಿದು ತಿರುಗಿಸುವ ಭಾಗಕ್ಕೆ ಚಕ್ ಎನ್ನುತ್ತಾರೆ. ಅದರ ಹಿಡಿತವನ್ನು ಬಿಗಿ ಮಾಡಲು, ಸಡಿಲಿಸಲು ಇಂಗ್ಲಿಷಿನ ಟಿ ಅಕ್ಷರದ ಆಕಾರದ ಒಂದು ಚಕ್ ಕೀ ಇರುತ್ತದೆ. ತುಂಡನ್ನು ಬಿಗಿದ ಮೇಲೆ ಕೀಯನ್ನು ತೆಗೆಯಲು ಮರೆತು ಯಂತ್ರವನ್ನು ಚಾಲೂ ಮಾಡಿದರೆ, ಆ ಕಬ್ಬಿಣದ ಕೀ ಚಕ್ಕಿನೊಡನೆ ತಿರುಗಿ, ಮರುಕ್ಷಣದಲ್ಲಿ ಸಿಡಿದು ಎದುರು ನಿಂತವರ ಮುಖಕ್ಕೋ ಎದೆಗೋ ಬಡಿಯಬಹುದು.

ಈ ಅಪಾಯಕ್ಕೆ ಎರಡು ಪರಿಹಾರಗಳಿವೆ. ಗೋಡೆಯ ಮೇಲೆ ‘ಕೀ ತೆಗೆಯಲು ಮರೆಯಬೇಡಿ’ ಎಂದು ಫಲಕ ಹಾಕುವುದು ಒಂದು. ಕೀಯ ತುದಿಗೆ ಒಂದು ಸ್ಪ್ರಿಂಗ್ ಕೂರಿಸುವುದು ಇನ್ನೊಂದು. ಸ್ಪ್ರಿಂಗ್ ಇರುವ ಕೀಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಅದು ಚಕ್ಕಿನ ರಂಧ್ರದಲ್ಲಿ ನಿಲ್ಲುತ್ತದೆ, ಕೈ ಬಿಟ್ಟೊಡನೆ ತಾನೇ ಹೊರಬೀಳುತ್ತದೆ. ಫಲಕವು ದಣಿದ ಕಾರ್ಮಿಕನ ಎಚ್ಚರದ ಮೇಲೆ ಹೊಣೆ ಹೊರಿಸುತ್ತದೆ. ಸ್ಪ್ರಿಂಗ್ ಆ ಹೊಣೆಯನ್ನು ವಿನ್ಯಾಸ ಮಾಡಿದವರ ಹೆಗಲಿಗೆ ತರುತ್ತದೆ. ಮನುಷ್ಯ ಮರೆಯುತ್ತಾನೆ, ಮರೆವಿಗೆ ಕಣ್ಣು ಕಳೆದುಕೊಳ್ಳುವ ಶಿಕ್ಷೆ ಆಗಬಾರದು ಎಂಬ ಮೌಲ್ಯವೇ ಆ ಸ್ಪ್ರಿಂಗಿನ ರೂಪ ತಾಳಿದೆ. ಪಾಠ ಇಲ್ಲಿಗೇ ಮುಗಿಯುವುದಿಲ್ಲ. ಸ್ಪ್ರಿಂಗ್ ತೀರಾ ಗಡುಸಾದರೆ ಕೈ ನೋಯುತ್ತದೆ, ಕೆಲಸ ನಿಧಾನವಾಗುತ್ತದೆ, ಆಗ ಕಾರ್ಮಿಕರು ಸ್ಪ್ರಿಂಗನ್ನೇ ಕಿತ್ತು ಹಾಕುತ್ತಾರೆ. ಸುರಕ್ಷತೆ ಮತ್ತು ಸಲೀಸು ಎರಡನ್ನೂ ಸರಿದೂಗಿಸುವಂತೆ ಸ್ಪ್ರಿಂಗಿನ ಬಲವನ್ನು ನಿಗದಿ ಮಾಡುವುದು ಅಪ್ಪಟ ಎಂಜಿನಿಯರಿಂಗ್ ಲೆಕ್ಕ, ಅಷ್ಟೇ ಅಪ್ಪಟ ಮೌಲ್ಯದ ಪ್ರಶ್ನೆ.

ಒಂದು ಸ್ಪ್ರಿಂಗಿನಲ್ಲಿ ಕಂಡದ್ದು ಒಂದು ಊರಿನ ನೀರಿನಲ್ಲಿಯೂ ಕಾಣುತ್ತದೆಯೇ? ಇದು ಮುಂದಿನ ಪ್ರಶ್ನೆ.

ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು ಬಾತಿಯ ಶುದ್ಧೀಕರಣ ಘಟಕಕ್ಕೆ ಬಂದು, ಅಲ್ಲಿ ತಿಳಿಯಾಗಿ, ಸೋಸಿ, ಕ್ಲೋರಿನ್ ಬೆರೆತು ದಾವಣಗೆರೆಯ ನಲ್ಲಿಗಳಿಗೆ ಹೋಗುತ್ತದೆ. ಇಂಥ ಯೋಜನೆಯ ಲೆಕ್ಕ ಆರಂಭವಾಗುವುದೇ ಒಂದು ಅಂಕಿಯಿಂದ: ಒಬ್ಬ ವ್ಯಕ್ತಿಗೆ ದಿನಕ್ಕೆ ಎಷ್ಟು ಲೀಟರ್ ನೀರು? ಒಳಚರಂಡಿ ಇರುವ ನಗರಗಳಿಗೆ ದೇಶದ ನೀರು ಸರಬರಾಜು ಕೈಪಿಡಿ ಹೇಳುವ ಪ್ರಮಾಣ 135 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಹಳ್ಳಿಗಳಿಗೆ ನಿಗದಿ ಮಾಡಿದ ಪ್ರಮಾಣ 55 ಲೀಟರ್. 2011ರ ಜನಗಣತಿಯಂತೆ ದಾವಣಗೆರೆಯ ಜನಸಂಖ್ಯೆ ಸುಮಾರು 4 ಲಕ್ಷ 35 ಸಾವಿರ. ಅದನ್ನು 135ರಿಂದ ಗುಣಿಸಿದರೆ ದಿನಕ್ಕೆ ಸುಮಾರು 6 ಕೋಟಿ ಲೀಟರ್ ಬೇಕಾಗುತ್ತದೆ. 55ರಿಂದ ಗುಣಿಸಿದರೆ ಎರಡೂವರೆ ಕೋಟಿಗಿಂತಲೂ ಕಡಿಮೆ ಸಾಕಾಗುತ್ತದೆ. ಪೈಪಿನ ವ್ಯಾಸ, ಪಂಪಿನ ಶಕ್ತಿ, ತೊಟ್ಟಿಯ ಗಾತ್ರ, ವಿದ್ಯುತ್ ಬಿಲ್ಲು ಎಲ್ಲವೂ ಈ ಒಂದು ಅಂಕಿಯ ಹಿಂದೆ ಸಾಲಾಗಿ ಬರುತ್ತವೆ.

ನಗರಕ್ಕೂ ಹಳ್ಳಿಗೂ ಇಷ್ಟು ಅಂತರವೇಕೆ? ಒಳಚರಂಡಿಯಲ್ಲಿ ಮಲಿನವು ಕಟ್ಟಿಕೊಳ್ಳದೆ ಹರಿಯಲು ಹೆಚ್ಚು ನೀರು ಬೇಕೆಂಬುದು ತಾಂತ್ರಿಕ ಉತ್ತರ, ಅದು ನಿಜವೂ ಹೌದು. ಆದರೆ ಯಾವ ಊರಿಗೆ ಒಳಚರಂಡಿ ಬೇಕು, ಯಾವ ಊರಿಗೆ ಸದ್ಯಕ್ಕೆ ಬೇಡ ಎಂಬುದನ್ನು ಯಾವ ಸೂತ್ರವೂ ಹೇಳುವುದಿಲ್ಲ. ಅದನ್ನು ಸಮಾಜವು ತನ್ನ ಆದ್ಯತೆಗಳಿಂದ ನಿರ್ಧರಿಸುತ್ತದೆ. ದನಕರುಗಳ ಕುಡಿಯುವ ನೀರು ಹಳ್ಳಿಯ 55 ಲೀಟರಿನ ಲೆಕ್ಕದಲ್ಲಿ ಸೇರಬೇಕೇ, ಬೇಡವೇ? ಬಾತಿಯಂಥ ಊರಿನ ವಿದ್ಯಾರ್ಥಿ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆಗೆ ತರಗತಿಯಲ್ಲಿ ಜಾಗ ಸಿಗಬೇಕು.

ಇನ್ನೊಂದು ಅಂಕಿಯನ್ನೂ ಗಮನಿಸಬಹುದು. ಮನೆಗೆ ಸಂಪರ್ಕ ಕೊಡುವ ಜಾಗದಲ್ಲಿ ನೀರಿಗೆ ಎಷ್ಟು ಒತ್ತಡ ಇರಬೇಕು, ಅಂದರೆ ಮೋಟಾರಿನ ಸಹಾಯವಿಲ್ಲದೆ ನೀರು ಎಷ್ಟು ಎತ್ತರ ಏರಬೇಕು ಎಂಬುದಕ್ಕೂ 1999ರ ಕೈಪಿಡಿಯಲ್ಲಿ ಪ್ರಮಾಣವಿತ್ತು. ಒಂದು ಅಂತಸ್ತಿನ ಮನೆಗಳಿಗೆ 7 ಮೀಟರ್, ಎರಡು ಅಂತಸ್ತಿಗೆ 12 ಮೀಟರ್, ಮೂರು ಅಂತಸ್ತಿಗೆ 17 ಮೀಟರ್. ಒತ್ತಡ ಸಾಲದೆ, ನೀರೂ ದಿನ ಬಿಟ್ಟು ದಿನ ಅಥವಾ ಇನ್ನೂ ತಡವಾಗಿ ಬಂದರೆ ಏನಾಗುತ್ತದೆ? ಸಂಪ್, ಮೋಟಾರು, ಮಹಡಿಯ ಮೇಲೊಂದು ಟ್ಯಾಂಕ್ ಇಟ್ಟುಕೊಳ್ಳಬಲ್ಲ ಮನೆಯವರು ತಮ್ಮ ಪಾಡಿಗೆ ತಾವು ನೀರು ತುಂಬಿಕೊಳ್ಳುತ್ತಾರೆ. ಅಷ್ಟು ಶಕ್ತಿಯಿಲ್ಲದ ಮನೆಯ ಹೆಂಗಸರು ನೀರು ಬಿಡುವ ಹೊತ್ತಿಗಾಗಿ ಕೂಲಿ ಬಿಟ್ಟು ಕೊಡಗಳನ್ನು ಸಾಲಿಟ್ಟು ಕಾಯುತ್ತಾರೆ. ಪಾಲಿಕೆಯ ಲೆಕ್ಕದಲ್ಲಿ ಉಳಿದ ಹಣವು ಆ ಮನೆಗಳಿಂದ ಹೊತ್ತಿನ ರೂಪದಲ್ಲಿ ವಸೂಲಾಗುತ್ತದೆ. ಜೊತೆಗೆ, ನೀರು ನಿಂತಾಗ ಖಾಲಿಯಾದ ಪೈಪು ಸೋರುವ ಜಾಗಗಳಿಂದ ಸುತ್ತಲಿನ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ಮುಂದೆ ಜಲಸಿರಿ ಯೋಜನೆ ದಾವಣಗೆರೆ, ಹರಿಹರಗಳಿಗೂ ಅದೇ ಗುರಿಯನ್ನು ತಂದಿತು. ನಿರಂತರ ನೀರಿನ ಪರವಾಗಿ ಆರೋಗ್ಯ ಮತ್ತು ಸಮಾನತೆ ಮಾತಾಡುತ್ತವೆ. ಮೀಟರು ಮತ್ತು ದರದ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ಎರಡನ್ನೂ ವಿದ್ಯಾರ್ಥಿ ಒಟ್ಟಿಗೇ ತೂಗಬೇಕು.

ಈವರೆಗೆ ಎರಡು ಸಂಗತಿಗಳು ಸ್ಪಷ್ಟವಾದವು. ಯಂತ್ರದ ಸಣ್ಣ ಭಾಗವೊಂದು ಅಪಾಯದ ಹೊಣೆಯನ್ನು ಯಾರು ಹೊರಬೇಕೆಂದು ನಿರ್ಧರಿಸುತ್ತದೆ. ನೀರಿನ ಲೆಕ್ಕದ ಒಂದು ಅಂಕಿ ಯಾರ ಹೊತ್ತಿಗೆ ಬೆಲೆಯಿದೆ ಎಂದು ನಿರ್ಧರಿಸುತ್ತದೆ. ಮೂರನೆಯದು ಹಂಚಿಕೆಯ ಸಂಗತಿ. ಅದಕ್ಕೆ ಭದ್ರಾ ನಾಲೆಯೇ ಪಠ್ಯ.

ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 71 ಟಿ.ಎಂ.ಸಿ.; ಅಂದರೆ 7,100 ಕೋಟಿ ಘನ ಅಡಿ ನೀರು. ಅದರ ಅಚ್ಚುಕಟ್ಟು, ಅಂದರೆ ನಾಲೆಯ ನೀರು ಮುಟ್ಟಬೇಕಾದ ಜಮೀನು, ಸುಮಾರು 1 ಲಕ್ಷ ಹೆಕ್ಟೇರ್. ಬಲದಂಡೆ ನಾಲೆಯು ಭದ್ರಾವತಿ, ಚನ್ನಗಿರಿಗಳ ಕಡೆಯಿಂದ ಹರಿದು ಬರುವುದರಿಂದ ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಅಚ್ಚುಕಟ್ಟಿನ ಕೊನೆಭಾಗದಲ್ಲಿವೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಯೂ ಅಡಿಕೆ ತೋಟವೂ ಹೆಚ್ಚಿದಂತೆ, ನಾಲೆಯುದ್ದಕ್ಕೂ ಅನಧಿಕೃತ ಪಂಪ್‌ಸೆಟ್‌ಗಳು ಹೆಚ್ಚಿದಂತೆ, ಕೊನೆಭಾಗದ ತೂಬಿಗೆ ನೀರು ತಲುಪುವುದು ಕಷ್ಟವಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ನಾಲೆಗೆ ಸತತ 100 ದಿನ ನೀರು ಹರಿಸಬೇಕೋ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿ ಅನುಸರಿಸಬೇಕೋ ಎಂಬ ಪ್ರಶ್ನೆಯ ಮೇಲೆ ದಾವಣಗೆರೆಯ ರೈತರು ಬೀದಿಗಿಳಿದದ್ದು ಕೇಳುಗರ ನೆನಪಿನಲ್ಲಿರಬಹುದು.

ಆ ವಿವಾದದಲ್ಲಿ ಎದುರಾದದ್ದು ಎರಡು ಮೌಲ್ಯಗಳು. ಇರುವ ನೀರನ್ನು ಉಳಿಸಿ ಬೇಸಿಗೆಯ ಕುಡಿಯುವ ನೀರಿಗೂ ತೋಟಗಳಿಗೂ ಕಾಯ್ದಿಡಬೇಕೆಂಬುದು ಒಂದು. ನಾಟಿ ಮಾಡಿದ ಕೊನೆಭಾಗದ ರೈತನ ಪೈರು ಒಣಗಬಾರದೆಂಬುದು ಇನ್ನೊಂದು. ಎರಡೂ ನ್ಯಾಯವೇ. ಇಲ್ಲಿ ಜಲವಿಜ್ಞಾನ ಏನು ಹೇಳಬಲ್ಲದು? ನಾಲೆಯಲ್ಲಿ ಮಟ್ಟ ಇಳಿದರೆ ಮೊದಲು ಒಣಗುವುದು ಕೊನೆಯ ತೂಬು ಎಂದು ಹೇಳಬಲ್ಲದು. ಮೇಲ್ಭಾಗದ ಉಪನಾಲೆಗಳನ್ನು ಸರದಿಯಂತೆ ಮುಚ್ಚಿದರೆ ಕಡಿಮೆ ನೀರಿನಲ್ಲಿಯೂ ಕೊನೆಭಾಗವನ್ನು ಮುಟ್ಟಬಹುದೆಂದು ಲೆಕ್ಕ ಹಾಕಿ ತೋರಿಸಬಲ್ಲದು. ಸರದಿಯಲ್ಲಿ ಮೊದಲು ಯಾರು ಎಂಬುದನ್ನು ಮಾತ್ರ ಮನುಷ್ಯರೇ ತೀರ್ಮಾನಿಸಬೇಕು. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದಲ್ಲಿದ್ದಾಗ ನೀರಾ ನಾಲೆಗಾಗಿ ರೂಪಿಸಿದ ಬ್ಲಾಕ್ ಪದ್ಧತಿಯ ತಿರುಳೂ ಇದೇ ಆಗಿತ್ತು. ನೀರು ಕೆಲವೇ ಹಳ್ಳಿಗಳಲ್ಲಿ ಸುರಿದು ಹೋಗದೆ, ಗುರುತಿಸಿದ ಬ್ಲಾಕುಗಳಲ್ಲಿ ಬೆಳೆಯ ಸರದಿಯೊಂದಿಗೆ ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗಬೇಕೆಂಬ ಉದ್ದೇಶ ಅದರಲ್ಲಿತ್ತು. ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಟ್ಟ ನಾಡು, ಅವರ ಅಣೆಕಟ್ಟುಗಳ ಎತ್ತರದ ಜೊತೆಗೆ ಈ ಹಂಚಿಕೆಯ ವಿವೇಕವನ್ನೂ ಮಕ್ಕಳಿಗೆ ಕಲಿಸಬೇಕು.

ಹೊಣೆ, ಹೊತ್ತು, ಹಂಚಿಕೆ: ಈ ಮೂರೂ ಆದವು. ಈ ಮೂರರಲ್ಲಿಯೂ ಯಂತ್ರವನ್ನೋ ನೀರನ್ನೋ ಬಳಸುವವರ ವಿಚಾರವಷ್ಟೇ ಬಂತು. ಬಳಸದೆಯೂ ಪರಿಣಾಮ ಉಣ್ಣುವವರಿದ್ದಾರೆ. ನಾಲ್ಕನೆಯ ಸಂಗತಿ ಅವರದು.

ಹರಿಹರದ ಎದುರು ದಂಡೆಯಲ್ಲಿ, ಕುಮಾರಪಟ್ಟಣದಲ್ಲಿ, 1970ರ ದಶಕದ ಆರಂಭದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ತಲೆಯೆತ್ತಿತು. ಮರವನ್ನು ಬೇಯಿಸಿ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತೆಗೆಯುವುದು ಅದರ ಕೆಲಸ. ಅದು ಸಾವಿರಾರು ಮಂದಿಗೆ ಅನ್ನ ಕೊಟ್ಟಿತು. ಅದೇ ವೇಳೆಗೆ ತುಂಗಭದ್ರೆಯ ಮಾಲಿನ್ಯದ ಪ್ರಶ್ನೆಯೂ ಎದ್ದು, 1980ರ ದಶಕದಲ್ಲಿ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯು ನದಿಯ ಕೆಳಭಾಗದ ಹಳ್ಳಿಗಳ ಪರವಾಗಿ ಹೋರಾಟಕ್ಕಿಳಿಯಿತು. ತಿರುಳಿಗೆ ಬೇಕಾದ ನೀಲಗಿರಿ ಮರವನ್ನು ಬೆಳೆಸಲು ಸರ್ಕಾರ ಮತ್ತು ಕಾರ್ಖಾನೆಯ ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದವು; ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಕೊಡುವ ನಿರ್ಧಾರವಾಯಿತು. ಯೋಜನೆಯ ದೃಷ್ಟಿಯಲ್ಲಿ ಪಾಳು ಎನಿಸಿದ ಆ ಭೂಮಿ ಹಳ್ಳಿಗರಿಗೆ ದನ ಮೇಯುವ, ಸೌದೆ-ಸೊಪ್ಪು ತರುವ ನೆಲವಾಗಿತ್ತು. 1987ರ ನವೆಂಬರಿನಲ್ಲಿ ಕುಸನೂರು ಎಂಬ ಹಳ್ಳಿಯಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಹೂಡಿ, ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು.

ಈ ಇತಿಹಾಸವನ್ನು ಯಾರನ್ನೋ ದೂರಲು ತರಗತಿಗೆ ತರಬೇಕಾಗಿಲ್ಲ. ಇಂಥ ಮರ, ಇಂಥ ರಾಸಾಯನಿಕ ಕ್ರಮ, ಇಂಥ ದಂಡೆ ಎಂದು ವಿನ್ಯಾಸದಲ್ಲಿ ಬರೆದಾಗ, ನೂಲನ್ನು ಎಂದೂ ಕೊಳ್ಳದ ಕುರಿಗಾಹಿ ಮತ್ತು ಮೀನುಗಾರ ಕೂಡ ಆ ವಿನ್ಯಾಸದ ಪಾಲುದಾರರಾಗುತ್ತಾರೆ ಎಂಬುದನ್ನು ತಿಳಿಸಲು ತರಬೇಕು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾತ್ಯಾ ಫ್ರೀಡ್‌ಮನ್ ಮತ್ತು ಸಂಗಡಿಗರು 1990ರ ದಶಕದಿಂದ ಬೆಳೆಸಿದ ಮೌಲ್ಯಪ್ರಜ್ಞೆಯ ವಿನ್ಯಾಸ ಎಂಬ ಕ್ರಮವೂ ಇದನ್ನೇ ಒತ್ತಿ ಹೇಳುತ್ತದೆ. ಅದು ವಸ್ತುವನ್ನು ನೇರವಾಗಿ ಬಳಸುವವರು, ಬಳಸದೆಯೂ ಬಾಧಿತರಾಗುವವರು ಎಂಬ ಎರಡು ಪಟ್ಟಿಗಳನ್ನು ಮೊದಲೇ ಬರೆಯಬೇಕೆನ್ನುತ್ತದೆ. ಎರಡನೆಯ ಪಟ್ಟಿ ಖಾಲಿಯಿರುವ ವಿನ್ಯಾಸವನ್ನು ಒಪ್ಪಬಾರದು.

ಹೊಣೆ, ಹೊತ್ತು, ಹಂಚಿಕೆ, ಹೊರಗಿನವರು. ಈ ನಾಲ್ಕು ಸಂಗತಿಗಳನ್ನು ಕಲಿಸುವ ಬಗೆ ಹೇಗೆ? ಇದಕ್ಕೆ ಹೊಸ ಪತ್ರಿಕೆಯಾಗಲಿ ಹೊಸ ಇಲಾಖೆಯಾಗಲಿ ಬೇಡ. ಮೂರು ಅಭ್ಯಾಸಗಳು ಸಾಕು.

ಮೊದಲನೆಯದು, ಅಂಕಿಗೆ ಕಾರಣ ಬರೆಯುವ ಅಭ್ಯಾಸ. ಪ್ರತಿ ಪ್ರಾಜೆಕ್ಟ್ ವರದಿಯಲ್ಲಿ ಒಂದು ಪುಟವಿರಲಿ. ವಿನ್ಯಾಸದ ಐದಾರು ಮುಖ್ಯ ಅಂಕಿಗಳನ್ನು ಅಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಅದು ಎಲ್ಲಿಂದ ಬಂತು, ಅದನ್ನು ಹೆಚ್ಚಿಸಿದರೆ ಯಾರಿಗೆ ಲಾಭ, ತಗ್ಗಿಸಿದರೆ ಯಾರಿಗೆ ನಷ್ಟ ಎಂದು ವಿದ್ಯಾರ್ಥಿಯೇ ಬರೆಯಲಿ. ಗಾಲಿಕುರ್ಚಿಗೆ ಬೇಕಾದ ಇಳಿಜಾರಿನ ಪ್ರಮಾಣ ಒಂದಕ್ಕೆ 12 ಎಂದು ಅವನು ಓದಿರುತ್ತಾನೆ. ನೆಲದಿಂದ ಎರಡು ಅಡಿ ಎತ್ತರದಲ್ಲಿರುವ ಬಾಗಿಲಿಗೆ 24 ಅಡಿ ಉದ್ದದ ಇಳಿಜಾರು ಬೇಕು, ಜಾಗ ಸಾಲದೆಂದು ಅದನ್ನು 12 ಅಡಿಗೆ ಇಳಿಸಿದರೆ ಗಾಲಿಕುರ್ಚಿಯವರು ಮತ್ತೊಬ್ಬರ ಕೈ ಕಾಯಬೇಕಾಗುತ್ತದೆ ಎಂದು ತನ್ನ ಕೈಯಾರೆ ಬರೆದಾಗ, ಆ ಪ್ರಮಾಣವು ಸ್ವಾವಲಂಬನೆಯ ಅಳತೆಯೆಂಬುದು ಅವನಿಗೆ ಮನದಟ್ಟಾಗುತ್ತದೆ.

ಎರಡನೆಯದು, ಒಂದೇ ಸಮಸ್ಯೆಗೆ ಎರಡು ವಿನ್ಯಾಸ ಮಾಡುವ ಅಭ್ಯಾಸ. ಭದ್ರಾ ಉಪನಾಲೆಯೊಂದರ ಸರದಿಯನ್ನು ಒಂದು ತಂಡವು ಒಟ್ಟು ಇಳುವರಿ ಹೆಚ್ಚುವಂತೆ ರೂಪಿಸಲಿ. ಇನ್ನೊಂದು ತಂಡವು ಕೊನೆಯ ತೂಬಿನವನಿಗೆ ನೀರು ಖಾತ್ರಿಯಾಗುವಂತೆ ರೂಪಿಸಲಿ. ಅದೇ ನೀರು, ಅದೇ ನೆಲ, ಅದೇ ಸೂತ್ರಗಳು ಇದ್ದರೂ ಎರಡು ಬೇರೆ ಉತ್ತರಗಳು ಬಂದಾಗ, ಉತ್ತರವನ್ನು ಬದಲಿಸಿದ್ದು ಆದ್ಯತೆಯೇ ಎಂಬುದು ಉಪನ್ಯಾಸವಿಲ್ಲದೆ ತಿಳಿಯುತ್ತದೆ.

ಮೂರನೆಯದು, ವಿನ್ಯಾಸವನ್ನು ಊರಿನವರ ಮುಂದಿಡುವ ಅಭ್ಯಾಸ. ಪಠ್ಯಕ್ರಮದಲ್ಲಿ ಈಗಾಗಲೇ ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆಯ ವಿಷಯವಿದೆ. ಆ ಅವಧಿಯನ್ನು ಇದಕ್ಕೆ ಬಳಸಬಹುದು. ನೀರುಗಂಟಿ, ಪಂಪ್ ಆಪರೇಟರ್, ಬೀದಿ ನಲ್ಲಿಯ ಹೆಂಗಸರು, ಲೇತ್ ಕೆಲಸಗಾರ ಇವರ ಎದುರು ನಿಂತು ತಿಳಿಗನ್ನಡದಲ್ಲಿ ತನ್ನ ವಿನ್ಯಾಸವನ್ನು ವಿವರಿಸಲಾಗದ ವಿದ್ಯಾರ್ಥಿ ಅದನ್ನು ಪೂರ್ತಿ ಅರಿತಿಲ್ಲವೆಂದೇ ಅರ್ಥ. ಕೇಳಿದವರು ಎತ್ತಿದ ಆಕ್ಷೇಪಣೆಗಳಿಗೆ ವರದಿಯಲ್ಲಿ ಉತ್ತರ ಇರಲೇಬೇಕು.

ಕಾರಣ ಬರೆಯುವುದು, ಎರಡು ವಿನ್ಯಾಸ ಮಾಡುವುದು, ಊರಿನ ಮುಂದಿಡುವುದು: ಇವು ಮೂರು ಅಭ್ಯಾಸಗಳು. ಇವಕ್ಕೆ ಬರುವ ಆಕ್ಷೇಪಗಳಿಗೂ ಉತ್ತರ ಹೇಳಬೇಕು. ಮೌಲ್ಯಗಳು ಅವರವರ ಭಾವಕ್ಕೆ ಬಿಟ್ಟವು, ಅಧ್ಯಾಪಕರು ತಮ್ಮ ಅಭಿಪ್ರಾಯವನ್ನು ಹೇರಬಾರದು ಎನ್ನುವವರಿದ್ದಾರೆ. ಹೇರಬಾರದೆಂಬುದು ನಿಜ. ಇಂಥದ್ದನ್ನೇ ಆರಿಸು ಎನ್ನದೆ, ಆರಿಸಿದ್ದನ್ನು ಬಚ್ಚಿಡದೆ ಹೇಳು ಎನ್ನುವುದು ಹೇರಿಕೆಯಾಗುವುದಿಲ್ಲ. ಪ್ರಮಾಣಗಳನ್ನು ಸರ್ಕಾರದ ಕೈಪಿಡಿಗಳೇ ಕೊಟ್ಟಿರುವಾಗ ಎಂಜಿನಿಯರಿಗೆ ಆಯ್ಕೆಯೇ ಇಲ್ಲ ಎನ್ನುವವರೂ ಇದ್ದಾರೆ. ಕೈಪಿಡಿ ಕೊಡುವುದು ಬಹುಮಟ್ಟಿಗೆ ಕನಿಷ್ಠ ಮಿತಿಯನ್ನು. ಅದಕ್ಕಿಂತ ಮೇಲೆ ಎಷ್ಟು ಎಂಬ ಆಯ್ಕೆ ಉಳಿದೇ ಇರುತ್ತದೆ. ಆ ಕೈಪಿಡಿಯನ್ನು ಬರೆದವರೂ ಎಂಜಿನಿಯರುಗಳೇ. ಮುಂದಿನ ಆವೃತ್ತಿಯನ್ನು ಬರೆಯುವವರು ಇಂದಿನ ತರಗತಿಗಳಲ್ಲಿಯೇ ಕುಳಿತಿದ್ದಾರೆ. ಪಾಠಕ್ಕೇ ಹೊತ್ತು ಸಾಲದು ಎಂಬುದು ಕೊನೆಯ ಆಕ್ಷೇಪ. ಒಂದು ಅಂಕಿಗೆ ಕಾರಣ ಬರೆಸಲು ಹಿಡಿಯುವುದು ಹತ್ತು ನಿಮಿಷ. ಕಾರಣ ತಿಳಿಯದೆ ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟಲು ಹಿಡಿಯುವುದು ಹಲವು ವರ್ಷ.

ಕೇಳುಗರೇ, ಈ ಕೆಲಸಕ್ಕೆ ಸರ್ಕಾರದ ಆದೇಶವನ್ನಾಗಲಿ ಹೊಸ ಅನುದಾನವನ್ನಾಗಲಿ ಕಾಯಬೇಕಾಗಿಲ್ಲ. ದಾವಣಗೆರೆ ಸೀಮೆಯ ಎಂಜಿನಿಯರಿಂಗ್ ಅಧ್ಯಾಪಕರಲ್ಲಿ ಮತ್ತು ಪರೀಕ್ಷಕರಲ್ಲಿ ಒಂದೇ ವಿನಂತಿ. ಮುಂದಿನ ಪ್ರಾಜೆಕ್ಟ್ ವೈವಾದಲ್ಲಿ, ಲೆಕ್ಕ ಸರಿಯಿದೆಯೇ ಎಂದು ನೋಡಿದ ಮೇಲೆ, ಪ್ರತಿ ವಿದ್ಯಾರ್ಥಿಗೂ ಇನ್ನೊಂದು ಪ್ರಶ್ನೆ ಹಾಕಿರಿ: ಈ ಅಂಕಿಯನ್ನು ಯಾರನ್ನು ನೆನೆದು ಆರಿಸಿದೆ? ಆ ಪ್ರಶ್ನೆಗೂ ಅಂಕ ಕೊಡಿ. ಅಂಕವಿರುವ ಪ್ರಶ್ನೆಗೆ ವಿದ್ಯಾರ್ಥಿಗಳು ಖಂಡಿತ ಸಿದ್ಧರಾಗಿ ಬರುತ್ತಾರೆ.